ಇಶಿ

ಇಶಿ (ಜನನ: ಸುಮಾರು 1861, ಮರಣ: ಮಾರ್ಚ್ 25, 1916) ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯ ರಾಜ್ಯದ ಮೂಲನಿವಾಸಿಗಳಾದ ಯಾಹಿ ಜನರ ಪೈಕಿ ಹೊರಜಗತ್ತಿಗೆ ತಿಳಿದಿದ್ದ ಕೊನೆಯ ವ್ಯಕ್ತಿ. ತನ್ನ ಜನರಲ್ಲಿ ಹೆಚ್ಚಿನವರು ಹತ್ಯೆಗೀಡಾದ ಮೇಲೆ ಈತ ಬೆರಳೆಣಿಕೆಯ ಬಂಧುಗಳೊಡನೆ ಸುಮಾರು ನಾಲ್ಕು ದಶಕಗಳ ಕಾಲ ಬೆಟ್ಟದ ಕಣಿವೆಗಳಲ್ಲಿ ಅಡಗಿ ಬಾಳಿದ. 1911ರಲ್ಲಿ ಒಬ್ಬಂಟಿಯಾಗಿ ಹೊರಬಂದ ಈತ ಬದುಕಿನ ಕೊನೆಯ ನಾಲ್ಕೂವರೆ ವರ್ಷಗಳನ್ನು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಸ್ತುಸಂಗ್ರಹಾಲಯದಲ್ಲಿ ಕಳೆದ.

ಇಶಿ ನುರಿತ ಬಿಲ್ಲುಗಾರನೂ ಬಿಲ್ಲು ಕಟ್ಟುವ ಕುಶಲಕರ್ಮಿಯೂ ಆಗಿದ್ದ. ಜುನಿಪರ್ ಮರವನ್ನು ಆರಿಸಿ, ಸೀಳಿ, ಒಣಗಿಸಿ, ಅದರ ಬೆನ್ನಿಗೆ ಜಿಂಕೆಯ ಸ್ನಾಯುನಾರನ್ನು ಅಂಟಿಸಿ ಬಿಲ್ಲು ಮಾಡುವ ಈತನ ವಿಧಾನವನ್ನು ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ವಿವರವಾಗಿ ದಾಖಲಿಸಿದ. ಯಾಹಿ ಜನರ ಕರಕುಶಲ ಜ್ಞಾನದಲ್ಲಿ ಹಂತ ಹಂತವಾಗಿ ಬರಹಕ್ಕಿಳಿದು ಉಳಿದ ಭಾಗಗಳಲ್ಲಿ ಇದು ಮುಖ್ಯವಾದುದು. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಬಿಲ್ಲುಗಾರಿಕೆ ಮತ್ತೆ ಜನಪ್ರಿಯವಾಗುವುದಕ್ಕೂ ಈ ದಾಖಲೆ ಪ್ರೇರಣೆಯಾಯಿತು.

ಹೆಸರು

ಇಶಿ ಎಂಬುದು ಈತನ ನಿಜವಾದ ಹೆಸರಲ್ಲ. ಯಾನಾ ಭಾಷೆಯಲ್ಲಿ ಈ ಪದಕ್ಕೆ ಮನುಷ್ಯ ಎಂದು ಅರ್ಥ. ಯಾಹಿ ಸಂಪ್ರದಾಯದಂತೆ ಒಬ್ಬ ವ್ಯಕ್ತಿ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವಂತಿರಲಿಲ್ಲ; ಅದನ್ನು ಅವನ ಜನರಲ್ಲೇ ಇನ್ನೊಬ್ಬರು ಹೇಳಬೇಕಾಗಿತ್ತು. ಹಾಗೆ ಹೇಳಬಲ್ಲವರು ಯಾರೂ ಉಳಿದಿರಲಿಲ್ಲವಾದ್ದರಿಂದ ಮಾನವಶಾಸ್ತ್ರಜ್ಞ ಆಲ್ಫ್ರೆಡ್ ಕ್ರೋಬರ್ ಈತನನ್ನು ಇಶಿ ಎಂದು ಕರೆದ. ನಿಜವಾದ ಹೆಸರು ಕೊನೆಯವರೆಗೂ ಬಹಿರಂಗವಾಗಲಿಲ್ಲ.

ಯಾಹಿ ಜನರು ಮತ್ತು ಅವರ ನಾಡು

ಯಾಹಿ ಜನರು ಯಾನಾ ಎಂಬ ದೊಡ್ಡ ಸಮುದಾಯದ ದಕ್ಷಿಣದ ಶಾಖೆಗೆ ಸೇರಿದವರು. ಉತ್ತರ ಕ್ಯಾಲಿಫೋರ್ನಿಯದ ಲ್ಯಾಸನ್ ಶಿಖರದ ಪಶ್ಚಿಮಕ್ಕೆ, ಸ್ಯಾಕ್ರಮೆಂಟೊ ನದಿಯ ಕಡೆಗೆ ಇಳಿಯುವ ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಎಂಬ ಹೊಳೆಗಳ ಆಳವಾದ ಕಣಿವೆಗಳು ಇವರ ನೆಲೆಯಾಗಿದ್ದವು. ಓಕ್ ಮರದ ಕಾಯಿಗಳ ಹಿಟ್ಟು, ಹೊಳೆಯ ಸಾಲ್ಮನ್ ಮೀನು ಹಾಗೂ ಜಿಂಕೆಯ ಮಾಂಸ ಇವರ ಮುಖ್ಯ ಆಹಾರ. ಬೇಸಿಗೆಯ ಬಿಸಿಲು ಏರಿದಾಗ ಜಿಂಕೆಗಳ ಹಿಂದೆಯೇ ಲ್ಯಾಸನ್ ಶಿಖರದ ತಂಪಾದ ಇಳಿಜಾರುಗಳಿಗೆ ಹೋಗಿ, ಚಳಿ ಬರುವ ಮೊದಲು ಕಣಿವೆಗೆ ಮರಳುತ್ತಿದ್ದರು.

ಈ ನಾಡಿನಲ್ಲಿ ಎತ್ತರ ಬದಲಾದಂತೆ ಮರಗಳೂ ಬದಲಾಗುತ್ತವೆ. ತಗ್ಗಿನಲ್ಲಿ ಓಕ್ ಮತ್ತು ದಟ್ಟ ಕುರುಚಲು ಪೊದೆಗಳು, ಅದಕ್ಕಿಂತ ಮೇಲೆ ಪೈನ್ ಮತ್ತು ಇನ್ಸೆನ್ಸ್ ಸೆದರ್, ಗಾಳಿಗೊಡ್ಡಿದ ಒಣ ಬಂಡೆಗಳ ನಡುವೆ ಜುನಿಪರ್ ಬೆಳೆಯುತ್ತವೆ. ಲೋಹದ ಬಳಕೆಯಿಲ್ಲದ ಯಾಹಿ ಜನರಿಗೆ ಯಾವ ಮರ ಬೆಂಕಿ ಹೊತ್ತಿಸಲು, ಯಾವುದು ಬಾಣಕ್ಕೆ, ಯಾವುದು ಬಿಲ್ಲಿಗೆ ಎಂಬ ತಿಳಿವಳಿಕೆ ಬದುಕಿನ ಆಧಾರವಾಗಿತ್ತು.

ಸಮುದಾಯದ ನಾಶ

1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ಸುದ್ದಿ ಹಬ್ಬಿದ ಬಳಿಕ ಸಾವಿರಾರು ವಲಸಿಗರು ಈ ಪ್ರದೇಶಕ್ಕೆ ನುಗ್ಗಿದರು. ಗಣಿಗಾರಿಕೆಯಿಂದ ಹೊಳೆಗಳು ಕೆಸರಾಗಿ ಮೀನು ಕಡಿಮೆಯಾಯಿತು. ಜಾನುವಾರುಗಳು ಕಾಡಿನ ಮೇವನ್ನು ಮುಗಿಸಿದ್ದರಿಂದ ಜಿಂಕೆಗಳು ದೂರವಾದವು. ಹಸಿವಿನಿಂದ ಮೂಲನಿವಾಸಿಗಳು ದನಗಳನ್ನು ಕೊಂದಾಗ ವಲಸಿಗರು ಬಂದೂಕು ಹಿಡಿದು ಅವರ ಬಿಡಾರಗಳ ಮೇಲೆ ದಾಳಿ ಮಾಡಿದರು. 1850 ಮತ್ತು 1860ರ ದಶಕಗಳಲ್ಲಿ ಇಂಥ ದಾಳಿಗಳು ಮತ್ತೆ ಮತ್ತೆ ನಡೆದವು. ವಲಸಿಗರು ಬರುವ ಮೊದಲು ಯಾಹಿ ಜನರ ಸಂಖ್ಯೆ ನಾನ್ನೂರರಷ್ಟಿತ್ತೆಂದು ಅಂದಾಜು ಮಾಡಲಾಗಿದೆ. 1865ರ ಸುಮಾರಿಗೆ ಮಿಲ್ ಕ್ರೀಕ್ ದಡದಲ್ಲಿ ನಡೆದ, ತ್ರೀ ನಾಲ್ಸ್ ಹತ್ಯಾಕಾಂಡ ಎಂದು ಹೆಸರಾದ ದಾಳಿಯಲ್ಲಿ ಸುಮಾರು ನಲವತ್ತು ಮಂದಿ ಸತ್ತರು. ಇಶಿ ಆಗ ಚಿಕ್ಕ ಹುಡುಗ. ತಾಯಿಯೊಡನೆ ಪಾರಾಗಿ ಉಳಿದವರಲ್ಲಿ ಈತನೂ ಒಬ್ಬನೆಂದು ನಂಬಲಾಗಿದೆ.

ಅಡಗಿ ಬಾಳಿದ ವರ್ಷಗಳು

1870ರ ದಶಕದ ಆರಂಭದಿಂದ ಅಳಿದುಳಿದ ಯಾಹಿಗಳು ಹೊರಗಿನವರ ಕಣ್ಣಿಗೆ ಬೀಳದಂತೆ ಬದುಕತೊಡಗಿದರು. ಹೆಜ್ಜೆಗುರುತು ಮೂಡದಂತೆ ಕಲ್ಲಿನಿಂದ ಕಲ್ಲಿಗೆ ಕಾಲಿಡುವುದು, ಹೊಗೆ ಮೇಲೇಳದಂತೆ ಸಣ್ಣ ಬೆಂಕಿ ಹಾಕುವುದು, ಪೊದೆಗಳನ್ನು ಕಡಿಯದೆ ಅವುಗಳಡಿ ತೆವಳಿ ಸಾಗುವುದು ಇವರ ರೂಢಿಯಾಯಿತು. ಹೀಗೆ ಅಡಗಿದವರಿಗೆ ಬಂದೂಕಿನಂತೆ ಸದ್ದು ಮಾಡದ ಬಿಲ್ಲು ತಕ್ಕ ಆಯುಧವಾಗಿತ್ತು. ಬೆಟ್ಟದ ಇತರ ಭಾಗಗಳಲ್ಲಿ ಬಿಲ್ಲಿನ ಬಳಕೆ ನಿಂತುಹೋದ ಮೇಲೂ ಇಶಿ ಅದನ್ನು ಹಿರಿಯರಿಂದ ಕಲಿತು ದಿನನಿತ್ಯದ ಬೇಟೆಗೆ ಬಳಸುತ್ತಲೇ ಇದ್ದ.

ಇವರ ಕೊನೆಯ ಬಿಡಾರ ಡೀರ್ ಕ್ರೀಕ್ ಕಣಿವೆಯ ಕಡಿದಾದ ಅಂಚಿನಲ್ಲಿ ಮರಗಳ ಮರೆಯಲ್ಲಿತ್ತು. 1908ರ ನವೆಂಬರಿನಲ್ಲಿ ವಿದ್ಯುತ್ ಯೋಜನೆಯೊಂದಕ್ಕೆ ಭೂಮಾಪನ ಮಾಡುತ್ತಿದ್ದ ತಂಡ ಆಕಸ್ಮಿಕವಾಗಿ ಅಲ್ಲಿಗೆ ಬಂದಿತು. ಆಗ ಅಲ್ಲಿದ್ದವರು ನಾಲ್ವರು: ಇಶಿ, ಈತನ ವೃದ್ಧ ತಾಯಿ, ತಂಗಿ ಅಥವಾ ಚಿಕ್ಕಪ್ಪನ ಮಗಳೆಂದು ಹೇಳಲಾಗುವ ಒಬ್ಬ ಹೆಂಗಸು ಹಾಗೂ ಒಬ್ಬ ಮುದುಕ. ನಡೆಯಲಾರದ ತಾಯಿಯನ್ನು ಬಿಟ್ಟು ಉಳಿದವರು ಚದುರಿ ಓಡಿದರು. ತಂಡದವರು ವೃದ್ಧೆಗೆ ಕೇಡು ಮಾಡಲಿಲ್ಲವಾದರೂ ಬಿಡಾರದಲ್ಲಿದ್ದ ಹೊದಿಕೆ, ಬುಟ್ಟಿ, ಉಪಕರಣ ಮುಂತಾದವನ್ನು ನೆನಪಿನ ವಸ್ತುಗಳೆಂದು ಹೊತ್ತೊಯ್ದರು. ಚಳಿಗಾಲದ ಹೊಸ್ತಿಲಲ್ಲಿ ಜೀವನಾಧಾರವಾದ ವಸ್ತುಗಳೆಲ್ಲ ಕೈಬಿಟ್ಟುಹೋದವು. ತಾಯಿ ಸ್ವಲ್ಪ ಕಾಲದಲ್ಲೇ ತೀರಿಕೊಂಡಳು. ಮಿಕ್ಕ ಇಬ್ಬರನ್ನು ಇಶಿ ಮತ್ತೆ ಕಾಣಲಿಲ್ಲ.

ಓರೊವಿಲ್‌ನಲ್ಲಿ

1911ರ ಆಗಸ್ಟ್ 29ರಂದು ಓರೊವಿಲ್ ಪಟ್ಟಣದ ಹೊರವಲಯದ ಕಸಾಯಿಖಾನೆಯ ಬಳಿ ಹಸಿವಿನಿಂದ ಬಳಲಿದ್ದ ಇಶಿ ಕಾಣಿಸಿಕೊಂಡ. ತಲೆಗೂದಲನ್ನು ಶೋಕಸೂಚಕವಾಗಿ ಸುಟ್ಟು ಗಿಡ್ಡಮಾಡಿಕೊಂಡಿದ್ದ. ಸ್ಥಳೀಯ ಷೆರೀಫ್ ಈತನನ್ನು ರಕ್ಷಣೆಗೆಂದು ಸೆರೆಮನೆಯ ಕೋಣೆಯಲ್ಲಿರಿಸಿದ. ಇಂಗ್ಲಿಷ್, ಸ್ಪ್ಯಾನಿಷ್ ಹಾಗೂ ನೆರೆಯ ಬುಡಕಟ್ಟುಗಳ ಭಾಷೆಗಳಲ್ಲಿ ಮಾತನಾಡಿಸಿದರೂ ಈತನಿಗೆ ತಿಳಿಯಲಿಲ್ಲ.

ಪತ್ರಿಕೆಗಳಲ್ಲಿ ಸುದ್ದಿ ಓದಿದ ಕ್ರೋಬರ್ ತನ್ನ ಸಹೋದ್ಯೋಗಿ ಟಿ. ಟಿ. ವಾಟರ್‌ಮನ್‌ನನ್ನು ಓರೊವಿಲ್‌ಗೆ ಕಳುಹಿಸಿದ. ವಾಟರ್‌ಮನ್ ಯಾನಾ ಭಾಷೆಯ ಪದಪಟ್ಟಿಯೊಂದನ್ನು ಒಂದೊಂದಾಗಿ ಓದುತ್ತ ಹೋದ. ಹಲವು ಪದಗಳಿಗೆ ಉತ್ತರ ಬರಲಿಲ್ಲ. ಕೊನೆಗೆ ಪೈನ್ ಮರವನ್ನು ಸೂಚಿಸುವ ಸಿವಿನಿ ಎಂಬ ಪದವನ್ನು ಹೇಳಿ ಮಂಚದ ಚೌಕಟ್ಟನ್ನು ತಟ್ಟಿದಾಗ ಇಶಿಯ ಮುಖ ಅರಳಿತು. ಇಬ್ಬರ ನಡುವೆ ಮೊದಲು ಹೊಂದಿಕೆಯಾದ ಪದ ಹೀಗೆ ಒಂದು ಮರದ ಹೆಸರಾಗಿತ್ತು. ಸೆಪ್ಟೆಂಬರ್ 4ರಂದು ಇಶಿ ಸ್ಯಾನ್ ಫ್ರಾನ್ಸಿಸ್ಕೊ ತಲುಪಿದ.

ವಸ್ತುಸಂಗ್ರಹಾಲಯದಲ್ಲಿ

ಪಾರ್ನಾಸಸ್ ಬೆಟ್ಟದ ಮೇಲಿದ್ದ ವಸ್ತುಸಂಗ್ರಹಾಲಯವೇ ಇಶಿಯ ಮನೆಯಾಯಿತು. ಕಟ್ಟಡವನ್ನು ಶುಚಿಗೊಳಿಸುವ ಸಹಾಯಕನಾಗಿ ತಿಂಗಳಿಗೆ 25 ಡಾಲರ್ ಸಂಬಳ ಪಡೆಯುತ್ತಿದ್ದ. ಭಾನುವಾರಗಳಂದು ಸಂದರ್ಶಕರ ಮುಂದೆ ಬಾಣದ ಮೊನೆ ಕೆತ್ತುವುದು, ಕಡ್ಡಿ ಕಡೆದು ಬೆಂಕಿ ಹೊತ್ತಿಸುವುದು ಮುಂತಾದವನ್ನು ಮಾಡಿ ತೋರಿಸುತ್ತಿದ್ದ. ತಾನು ಮಾಡಿದ ಮೊನೆಗಳನ್ನು ನೋಡುಗರಿಗೆ ಕೊಡುವುದೂ ಇತ್ತು.

1911ರಿಂದ 1914ರವರೆಗೆ ಈತನ ಕಥೆ ಮತ್ತು ಹಾಡುಗಳನ್ನು 148 ಮೇಣದ ಸುರುಳಿಗಳಲ್ಲಿ ಧ್ವನಿಮುದ್ರಿಸಲಾಯಿತು. 1915ರ ಬೇಸಿಗೆಯಲ್ಲಿ ಭಾಷಾವಿಜ್ಞಾನಿ ಎಡ್ವರ್ಡ್ ಸಪಿರ್ ಈತನೊಡನೆ ಕುಳಿತು ಯಾಹಿ ಭಾಷೆಯನ್ನು ಬರೆದುಕೊಂಡ.

ವಸ್ತುಸಂಗ್ರಹಾಲಯದ ಪಕ್ಕದಲ್ಲೇ ವಿಶ್ವವಿದ್ಯಾಲಯದ ಆಸ್ಪತ್ರೆಯಿತ್ತು. ಅಲ್ಲಿಗೆ 1912ರಲ್ಲಿ ಬೋಧಕನಾಗಿ ಬಂದ ಶಸ್ತ್ರವೈದ್ಯ ಸ್ಯಾಕ್ಸ್‌ಟನ್ ಪೋಪ್ ಇಶಿಯ ವೈದ್ಯನೂ ಆಪ್ತಮಿತ್ರನೂ ಆದ. ಇಶಿ ಆಸ್ಪತ್ರೆಯ ವಾರ್ಡುಗಳಿಗೆ ಹೋಗಿ ರೋಗಿಗಳ ಪಕ್ಕದಲ್ಲಿ ನಿಂತು ಮೆಲ್ಲಗೆ ಹಾಡುತ್ತಿದ್ದುದೂ ಉಂಟು. ಪೋಪ್ ಈತನಿಂದ ಯಾಹಿ ಭಾಷೆಯ ಕೆಲವು ಮಾತುಗಳನ್ನೂ ಬಿಲ್ಲು ಕಟ್ಟುವ, ಬಾಣ ಬಿಡುವ ವಿದ್ಯೆಯನ್ನೂ ಕಲಿತ. ಇಶಿಯ ಬಿಲ್ಲುಗಾರಿಕೆಯ ಬಗ್ಗೆ ಇಂದು ತಿಳಿದಿರುವುದರಲ್ಲಿ ಹೆಚ್ಚಿನದು ಈ ಸ್ನೇಹದ ಫಲ.

ಬಿಲ್ಲಿಗೆ ಮರದ ಆಯ್ಕೆ

ಉತ್ತರ ಕ್ಯಾಲಿಫೋರ್ನಿಯದ ಹಲವು ಸಮುದಾಯಗಳು ಬಿಲ್ಲಿಗೆ ಯೂ ಮರವನ್ನು ಮೆಚ್ಚುತ್ತಿದ್ದವು. ಇಂಗ್ಲೆಂಡಿನ ಉದ್ದಬಿಲ್ಲಿಗೂ ಪ್ರಸಿದ್ಧವಾದ ಮರ ಯೂ. ಪೋಪ್ ದಾಖಲಿಸಿದ ಇಶಿಯ ಬಿಲ್ಲಾದರೋ ಬೆಟ್ಟದ ಜುನಿಪರ್ ಮರದ್ದು. ಈ ಆಯ್ಕೆಯ ಹಿಂದಿನ ತರ್ಕ ತಿಳಿಯಬೇಕಾದರೆ ಬಿಲ್ಲು ಬಾಗುವಾಗ ಮರದೊಳಗೆ ಏನಾಗುತ್ತದೆ ಎಂಬುದನ್ನು ಗಮನಿಸಬೇಕು.

ಹೆದೆಯನ್ನು ಎಳೆದಾಗ ಬಿಲ್ಲಿನ ಹೊರಮೈ, ಅಂದರೆ ಗುರಿಯ ಕಡೆಗಿರುವ ಬೆನ್ನು, ಹಿಗ್ಗುತ್ತದೆ. ಬಿಲ್ಲುಗಾರನ ಕಡೆಗಿರುವ ಒಳಮೈ, ಅಂದರೆ ಹೊಟ್ಟೆಯ ಭಾಗ, ಕುಗ್ಗುತ್ತದೆ. ಜುನಿಪರ್ ಹಗುರವಾದ, ನುಣುಪಾದ ಎಳೆಗಳ ಮರ. ಅದು ಕುಗ್ಗುವ ಒತ್ತಡವನ್ನು ಚೆನ್ನಾಗಿ ತಾಳಿಕೊಂಡು ಬೇಗ ತನ್ನ ಆಕಾರಕ್ಕೆ ಮರಳುತ್ತದೆ. ಹಿಗ್ಗುವ ಸೆಳೆತಕ್ಕೆ ಮಾತ್ರ ಅದರ ತಾಳಿಕೆ ಕಡಿಮೆ. ಬೆನ್ನಿನಲ್ಲಿ ಎಳೆ ಕಡಿದಿದ್ದರೆ ಅಥವಾ ಗಂಟಿದ್ದರೆ ಅಲ್ಲಿಂದಲೇ ಮುರಿಯುತ್ತದೆ. ಸ್ನಾಯುನಾರಿನ ಗುಣ ಇದಕ್ಕೆ ಪೂರಕವಾದುದು: ಅದು ಹೆಚ್ಚು ಹಿಗ್ಗಿದರೂ ಹರಿಯುವುದಿಲ್ಲ. ಆದ್ದರಿಂದ ಜುನಿಪರ್ ಪಟ್ಟಿಯ ಬೆನ್ನಿಗೆ ಸ್ನಾಯುನಾರಿನ ದಪ್ಪ ಪದರ ಅಂಟಿಸಿದರೆ ಸೆಳೆತವನ್ನು ನಾರು, ಒತ್ತಡವನ್ನು ಮರ ಹೊರುತ್ತವೆ. ಹೀಗೆ ಕಟ್ಟಿದ ಬಿಲ್ಲು ಗಿಡ್ಡದಾಗಿದ್ದರೂ ಮುರಿಯದೆ ಆಳವಾಗಿ ಬಾಗಬಲ್ಲದು. ಏಷ್ಯದ ಕೊಂಬಿನ ಬಿಲ್ಲುಗಳಲ್ಲಿಯೂ ಬೆನ್ನಿಗೆ ಸ್ನಾಯುನಾರನ್ನು ಅಂಟಿಸುವುದಕ್ಕೆ ಇದೇ ಕಾರಣ; ಅಲ್ಲಿ ಒಳಮೈಯ ಒತ್ತಡವನ್ನು ಹೊರುವುದು ಕೊಂಬು.

ಒಳ್ಳೆಯ ಜುನಿಪರ್ ತುಂಡು ಸುಲಭವಾಗಿ ಸಿಗುವಂಥದಲ್ಲ. ಒಣ ನೆಲದಲ್ಲಿ ನಿಧಾನವಾಗಿ ಬೆಳೆಯುವ ಈ ಮರದ ಕಾಂಡ ಬಹುಮಟ್ಟಿಗೆ ತಿರುಚಿಕೊಂಡು ಗಂಟುಗಂಟಾಗಿರುತ್ತದೆ. ನೇರ ಎಳೆಯ, ಗಂಟಿಲ್ಲದ, ಒಂದು ಗಜಕ್ಕೂ ಮೀರಿದ ಉದ್ದದ ಭಾಗವನ್ನು ಹುಡುಕಬೇಕಾಗುತ್ತದೆ. ನೆರೆಯ ನೆವಾಡ ರಾಜ್ಯದಲ್ಲಿ ಇದಕ್ಕೆ ಸಾಕ್ಷ್ಯ ಉಳಿದಿದೆ. ಅಲ್ಲಿನ ಹಳೆಯ ಜುನಿಪರ್ ಮರಗಳಲ್ಲಿ ಮೂಲನಿವಾಸಿಗಳು ಬಿಲ್ಲಿನ ಪಟ್ಟಿಗಳನ್ನು ಸೀಳಿ ತೆಗೆದ ಉದ್ದನೆಯ ಗುರುತುಗಳನ್ನು ಪುರಾತತ್ವಜ್ಞ ಫಿಲಿಪ್ ವಿಲ್ಕಿ ಅಧ್ಯಯನ ಮಾಡಿ 1988ರಲ್ಲಿ ಪ್ರಕಟಿಸಿದ. ಮರವನ್ನು ಕಡಿದು ಉರುಳಿಸದೆ, ಬೇಕಾದ ಭಾಗದ ತುದಿಯಲ್ಲಿ ಕಚ್ಚು ಮಾಡಿ ಪಟ್ಟಿಯನ್ನಷ್ಟೇ ಬಿಡಿಸಿಕೊಳ್ಳಲಾಗುತ್ತಿತ್ತು. ಮರ ಜೀವಂತವಾಗಿ ಉಳಿಯುತ್ತಿದ್ದುದರಿಂದ ಅದರಿಂದ ಮತ್ತೆ ಪಟ್ಟಿ ತೆಗೆಯುವುದು ಸಾಧ್ಯವಾಗುತ್ತಿತ್ತು.

ಜುನಿಪರ್ ಮತ್ತು ಸೆದರ್ ಎಂಬ ಹೆಸರುಗಳ ಬಳಕೆಯಲ್ಲಿ ಗೊಂದಲವಿದೆ. ಹಿಮಾಲಯದ ದೇವದಾರು ಸೇರಿದಂತೆ ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಸೆದರ್ ಮರಗಳು ಬೇರೆ ಕುಲಕ್ಕೆ ಸೇರಿವೆ. ಪೂರ್ವ ಅಮೆರಿಕದಲ್ಲಿ ಬಿಲ್ಲಿಗೆ ಬಳಕೆಯಲ್ಲಿದ್ದ ಕೆಂಪು ಸೆದರ್ ವಾಸ್ತವದಲ್ಲಿ ಜುನಿಪರಿನ ಒಂದು ಜಾತಿ. ಕ್ಯಾಲಿಫೋರ್ನಿಯದ ಇನ್ಸೆನ್ಸ್ ಸೆದರ್ ಇವೆರಡಕ್ಕಿಂತ ಭಿನ್ನವಾದ ಮರ. ಅದು ನೇರವಾಗಿ ಬೆಳೆದು ಸಲೀಸಾಗಿ ಸೀಳುತ್ತದೆ. ಈ ಗುಣದಿಂದಲೇ ಮುಂದೆ ಪೆನ್ಸಿಲ್ ತಯಾರಿಕೆಗೆ ಹೆಚ್ಚಾಗಿ ಬಳಕೆಯಾಯಿತು. ಆದರೆ ಜುನಿಪರಿಗಿಂತ ಮೃದುವಾದ್ದರಿಂದ ಅದೇ ಬಲದ ಬಿಲ್ಲಿಗೆ ಪಟ್ಟಿಯನ್ನು ಹೆಚ್ಚು ಅಗಲವಾಗಿ ಇರಿಸಬೇಕಾಗುತ್ತದೆ. ಆದಕಾರಣ ಬಿಲ್ಲಿಗೆ ಮರ ಆರಿಸುವವರು ಹೆಸರಿಗಿಂತ ಎಳೆಯ ನೇರತನ, ಗಂಟುಗಳ ವಿರಳತೆ ಹಾಗೂ ಒಣಗಿದ ಮೇಲಿನ ಬಿಗುವನ್ನು ನೋಡಬೇಕಾಗುತ್ತದೆ.

ಬಿಲ್ಲಿನ ರಚನೆ

ಇಶಿ ತನ್ನ ಭಾಷೆಯಲ್ಲಿ ಬಿಲ್ಲನ್ನು ಮನ್ನಿ ಎಂದು ಕರೆಯುತ್ತಿದ್ದ. ಪೋಪ್ ಅಳೆದ ಬಿಲ್ಲಿನ ಉದ್ದ 42 ಅಂಗುಲ, ಅಂದರೆ ಸುಮಾರು 107 ಸೆಂಟಿಮೀಟರ್. ಇಶಿಗೆ ಅಳತೆಪಟ್ಟಿ ಬೇಕಿರಲಿಲ್ಲ. ಅಡ್ಡಲಾಗಿ ಚಾಚಿದ ಕೈಯಿಂದ ಎದುರು ಬದಿಯ ಸೊಂಟದವರೆಗಿನ ಅಂತರವೇ ಬಿಲ್ಲಿನ ಉದ್ದವಾಗಿತ್ತು. ಬಿಲ್ಲಿನ ಎರಡೂ ತೋಳುಗಳ ನಡುಭಾಗ ಸುಮಾರು 2 ಅಂಗುಲ ಅಗಲ, ಅರ್ಧ ಅಂಗುಲ ದಪ್ಪವಿತ್ತು. ಹಿಡಿಯ ಭಾಗ ಕಿರಿದಾಗಿಯೂ ದಪ್ಪವಾಗಿಯೂ ಇತ್ತು.

ಮರದ ಕೊಂಬೆಯನ್ನು ಸೀಳಿ ಹೊರಪದರಗಳನ್ನು, ತೊಗಟೆಯ ಕೆಳಗಿನ ಬಿಳಿಮರವೂ ಸೇರಿದಂತೆ, ಉಳಿಸಿಕೊಳ್ಳುತ್ತಿದ್ದ. ಕೆರೆದು, ಮರಳುಗಲ್ಲಿನ ಮೇಲೆ ಉಜ್ಜಿ ಆಕಾರ ಕೊಡುತ್ತಿದ್ದ. ತುದಿಗಳನ್ನು ಕಾಯಿಸಿದ ಕಲ್ಲಿನ ಮೇಲೆ ಹಿಂದಕ್ಕೆ ಬಾಗಿಸಿ, ಆ ಬಾಗು ನಿಲ್ಲುವಂತೆ ಇನ್ನೊಂದು ಮರದ ತುಂಡಿಗೆ ಬಿಗಿದು ಕಟ್ಟುತ್ತಿದ್ದ. ಬಳಿಕ ಅದನ್ನು ಕತ್ತಲಾದ ಒಣ ಸ್ಥಳದಲ್ಲಿ ಇರಿಸುತ್ತಿದ್ದ. ಅಗತ್ಯಕ್ಕೆ ತಕ್ಕಂತೆ ಈ ಒಣಗುವಿಕೆಗೆ ಕೆಲವು ತಿಂಗಳಿಂದ ವರ್ಷಗಳವರೆಗೂ ಕಾಯುತ್ತಿದ್ದ.

ಮರ ಒಣಗಿದ ಮೇಲೆ ಬೆನ್ನಿನ ಭಾಗವನ್ನು ಒರಟುಗೊಳಿಸಿ, ಸಾಲ್ಮನ್ ಮೀನಿನ ಚರ್ಮ ಕುದಿಸಿ ತಯಾರಿಸಿದ ಅಂಟನ್ನು ಬಳಿಯುತ್ತಿದ್ದ. ಜಿಂಕೆಯ ಕಾಲಿನ ಸ್ನಾಯುರಜ್ಜುಗಳನ್ನು ಹಲ್ಲಿನಿಂದ ಅಗಿದು ಮೆತ್ತಗೆ ಮಾಡಿ ಎಳೆಎಳೆಯಾಗಿ ಬಿಡಿಸಿ, ತುದಿಗಳು ಒಂದರ ಮೇಲೊಂದು ಬರುವಂತೆ ಬೆನ್ನಿನ ತುಂಬ ದಪ್ಪವಾಗಿ ಹಾಸುತ್ತಿದ್ದ. ಒಣಗುವವರೆಗೆ ವಿಲೋ ಮರದ ತೊಗಟೆಯ ಪಟ್ಟಿಗಳಿಂದ ಬಿಗಿಯಾಗಿ ಸುತ್ತಿಡುತ್ತಿದ್ದ. ಕೆಲವು ದಿನಗಳ ಬಳಿಕ ಪಟ್ಟಿ ಬಿಚ್ಚಿ, ಮತ್ತೆ ಅಂಟು ಸವರಿ, ಮರಳುಗಲ್ಲಿನಿಂದ ನಯಗೊಳಿಸಿ, ಹಿಡಿಯ ಭಾಗಕ್ಕೆ ಜಿಂಕೆಯ ಚರ್ಮದ ಪಟ್ಟಿಯನ್ನು ಸುತ್ತುತ್ತಿದ್ದ. ಹೆದೆಯನ್ನೂ ಸ್ನಾಯುನಾರಿನ ನಯವಾದ ಎಳೆಗಳನ್ನು ಹೊಸೆದೇ ಮಾಡುತ್ತಿದ್ದ. ಬಿಲ್ಲಿನ ಚೀಲ ಪ್ಯೂಮಾದ ಬಾಲದ ಚರ್ಮದ್ದಾಗಿತ್ತು.

ಈ ಬಿಲ್ಲನ್ನು ಪೂರ್ಣ ಸೆಳೆಯಲು ಸುಮಾರು 45 ಪೌಂಡ್ ಬಲ ಬೇಕಾಗುತ್ತಿತ್ತು. ಬಾಣ ಸುಮಾರು 200 ಗಜ ದೂರ ಹೋಗುತ್ತಿತ್ತು. ಇಂಗ್ಲಿಷ್ ಉದ್ದಬಿಲ್ಲಿಗೆ ಹೋಲಿಸಿದರೆ ಇದು ತೀರ ಗಿಡ್ಡ. ಆದರೆ ಪೊದೆಗಳ ನಡುವೆ ಕುಕ್ಕರಗಾಲಿನಲ್ಲಿ ಕುಳಿತು ಬೇಟೆಯಾಡಲು ಈ ಗಿಡ್ಡತನವೇ ಅನುಕೂಲವೆಂದು ಪೋಪ್ ಕಂಡುಕೊಂಡ.

ಬಾಣಗಳು

ಬಾಣದ ಕಡ್ಡಿಗೆ ಇಶಿ ಹೇಜಲ್ ಗಿಡದ ನೇರವಾದ ಕೊನೆಗಳನ್ನು ಆರಿಸುತ್ತಿದ್ದ. ಅವುಗಳನ್ನು ಒಣಗಿಸಿ, ಶಾಖ ಕೊಟ್ಟು ಡೊಂಕು ತೆಗೆದು, ಎರಡು ಮರಳುಗಲ್ಲುಗಳ ನಡುವೆ ತಿರುಗಿಸಿ ನುಣುಪು ಮಾಡುತ್ತಿದ್ದ. ಮುಂತುದಿಗೆ ಹೆಚ್ಚು ತೂಕದ ಮರದ ಚಿಕ್ಕ ತುಂಡನ್ನು ಜೋಡಿಸುವುದೂ ಇತ್ತು. ಹಿಂತುದಿಗೆ ಮೂರು ಗರಿಗಳನ್ನು ಸ್ನಾಯುನಾರಿನಿಂದ ಕಟ್ಟುತ್ತಿದ್ದ. ಮೊನೆಗಳನ್ನು ಜ್ವಾಲಾಮುಖಿಯ ಗಾಜುಗಲ್ಲಾದ ಅಬ್ಸಿಡಿಯನ್‌ನಿಂದ, ಸಿಕ್ಕಾಗ ಬಾಟಲಿಯ ಗಾಜಿನಿಂದಲೂ, ಜಿಂಕೆಯ ಕೊಂಬಿನ ತುದಿಯಿಂದ ಒತ್ತಿ ಚಕ್ಕೆ ಎಬ್ಬಿಸುತ್ತ ಕೆತ್ತುತ್ತಿದ್ದ.

ಬಿಲ್ಲುಗಾರಿಕೆ ಮತ್ತು ಆಚರಣೆಗಳು

ಇಶಿ ಬಿಲ್ಲನ್ನು ಎಡಗೈಯಲ್ಲಿ ಓರೆಯಾಗಿ ಹಿಡಿಯುತ್ತಿದ್ದ. ಬಲಗೈಯ ಹೆಬ್ಬೆರಳನ್ನು ಹೆದೆಗೆ ಕೊಕ್ಕೆಯಂತೆ ಹಾಕಿ, ನಡುಬೆರಳಿನ ತುದಿಯನ್ನು ಹೆಬ್ಬೆರಳಿನ ಉಗುರಿಗೆ ಒತ್ತುಕೊಟ್ಟು ಸೆಳೆಯುತ್ತಿದ್ದ. ಮಂಗೋಲಿಯದ ಪದ್ಧತಿಯನ್ನು ಹೋಲುವ, ಆದರೆ ಅದಕ್ಕಿಂತ ಸ್ವಲ್ಪ ಭಿನ್ನವಾದ ಕ್ರಮವೆಂದು ಪೋಪ್ ಇದನ್ನು ಗುರುತಿಸಿದ. ದೂರದ ಗುರಿಹಲಗೆಗೆ ಹೊಡೆಯುವ ಸ್ಪರ್ಧೆಯಲ್ಲಿ ಇಶಿ ಅಸಾಧಾರಣನಲ್ಲ. ಪ್ರಾಣಿಯ ಕೂಗನ್ನು ಅನುಕರಿಸಿ ಅದನ್ನು ಹತ್ತಿರಕ್ಕೆ ಕರೆದು, ಅಲುಗದೆ ಕಾದು, ಕೆಲವೇ ಗಜಗಳ ಅಂತರದಿಂದ ಹೊಡೆಯುವುದರಲ್ಲಿ ಈತನ ಕೌಶಲವಿತ್ತು.

ಹೆದೆಯೇರಿಸಿ ಬಿಟ್ಟ ಅಥವಾ ನೆಟ್ಟಗೆ ನಿಲ್ಲಿಸಿದ ಬಿಲ್ಲು ದಣಿದು ಬೆವರುತ್ತದೆ ಎಂಬುದು ಇಶಿಯ ನಂಬಿಕೆ. ಬಳಸದಿರುವಾಗ ಅದನ್ನು ಮಲಗಿಸಿಡಬೇಕು. ಯಾರೂ ಅದನ್ನು ದಾಟಬಾರದು. ಹೆಂಗಸರೂ ಮಕ್ಕಳೂ ಮುಟ್ಟಬಾರದು. ಮುಟ್ಟಿದರೆ ಬಾಣ ಅಡ್ಡಾದಿಡ್ಡಿ ಹೋಗುತ್ತದೆಂದೂ ಮರಳು ಮತ್ತು ನೀರಿನಿಂದ ಬಿಲ್ಲನ್ನು ತೊಳೆದರೆ ದೋಷ ಕಳೆಯುತ್ತದೆಂದೂ ಈತ ತಿಳಿದಿದ್ದ. ಹೆದೆಯೇರಿಸಿದ ಬಿಲ್ಲು ಬಾಗಿದ ಸ್ಥಿತಿಯಲ್ಲೇ ಉಳಿದರೆ ಮರದ ಬಿಗುವು ತಗ್ಗುತ್ತದೆ ಎಂಬುದು ಇಂದಿನ ಬಿಲ್ಲು ತಯಾರಕರೂ ಒಪ್ಪುವ ಸಂಗತಿ. ಒಳ್ಳೆಯ ಬಿಲ್ಲಿನ ಹೆದೆಯನ್ನು ಬಾಣದಿಂದ ತಟ್ಟಿದರೆ ಇಂಪಾದ ಸ್ವರ ಹೊರಡಬೇಕೆಂದು ಇಶಿ ಹೇಳುತ್ತಿದ್ದ. ಬಿಲ್ಲಿನ ಒಂದು ತುದಿಯನ್ನು ಬಾಯಿಯ ಅಂಚಿಗೆ ಇಟ್ಟು ಹೆದೆ ತಟ್ಟಿ ಅದನ್ನು ವಾದ್ಯದಂತೆ ನುಡಿಸುವ ರೂಢಿಯೂ ಈತನ ಜನರಲ್ಲಿತ್ತು.

ಡೀರ್ ಕ್ರೀಕ್‌ಗೆ ಮರಳಿದ ಪ್ರಯಾಣ

1914ರ ಮೇ ತಿಂಗಳಲ್ಲಿ ಕ್ರೋಬರ್, ವಾಟರ್‌ಮನ್, ಪೋಪ್ ಹಾಗೂ ಪೋಪ್‌ನ ಬಾಲಕ ಮಗನೊಡನೆ ಇಶಿ ಡೀರ್ ಕ್ರೀಕ್ ಪ್ರದೇಶಕ್ಕೆ ಹೋದ. ಬಂಧುಗಳನ್ನು ಕಳೆದುಕೊಂಡ ನೆಲಕ್ಕೆ ಮರಳಲು ಮೊದಲು ಹಿಂಜರಿದನಾದರೂ ಅಲ್ಲಿ ತಲುಪಿದ ಮೇಲೆ ಹಳೆಯ ಹಾದಿಗಳನ್ನೂ ಬಿಡಾರಗಳನ್ನೂ ತೋರಿಸಿದ. ಸ್ಥಳಗಳ ಮತ್ತು ಗಿಡಮರಗಳ ಹೆಸರುಗಳನ್ನು ಹೇಳಿದ. ಬಿಲ್ಲು ಹಿಡಿದು ಬೇಟೆಯಾಡುವ ವಿವಿಧ ಹಂತಗಳ ಛಾಯಾಚಿತ್ರಗಳನ್ನು ಆಗ ತೆಗೆಯಲಾಯಿತು.

ಮರಣ ಮತ್ತು ಅನಂತರದ ವಿವಾದ

ನಗರದ ರೋಗಗಳಿಗೆ ಇಶಿಯ ದೇಹದಲ್ಲಿ ಪ್ರತಿರೋಧ ಶಕ್ತಿ ಇರಲಿಲ್ಲ. ಕ್ಷಯರೋಗಕ್ಕೆ ತುತ್ತಾಗಿ 1916ರ ಮಾರ್ಚ್ 25ರಂದು ತೀರಿಕೊಂಡ. ಆಗ ನ್ಯೂಯಾರ್ಕ್‌ನಲ್ಲಿದ್ದ ಕ್ರೋಬರ್ ಶವಪರೀಕ್ಷೆ ಮಾಡಬಾರದೆಂದು ಪತ್ರ ಬರೆದಿದ್ದರೂ ಪರೀಕ್ಷೆ ನಡೆಯಿತು, ಮೆದುಳನ್ನು ಬೇರ್ಪಡಿಸಲಾಯಿತು. ದೇಹವನ್ನು ದಹಿಸಿದಾಗ ಒಂದು ಬಿಲ್ಲು, ಐದು ಬಾಣಗಳು, ಓಕ್ ಕಾಯಿಯ ಹಿಟ್ಟಿನ ಬುಟ್ಟಿ, ಚಿಪ್ಪಿನ ಮಣಿಗಳು, ತಂಬಾಕು ಹಾಗೂ ಅಬ್ಸಿಡಿಯನ್ ಚಕ್ಕೆಗಳನ್ನು ಜೊತೆಗಿರಿಸಲಾಯಿತು. ಚಿತಾಭಸ್ಮವನ್ನು ಸ್ಯಾನ್ ಫ್ರಾನ್ಸಿಸ್ಕೊ ಸಮೀಪದ ಕೋಲ್ಮಾದಲ್ಲಿರುವ ಸ್ಮಶಾನದಲ್ಲಿ ಮಣ್ಣಿನ ಕುಡಿಕೆಯೊಂದರಲ್ಲಿ ಇರಿಸಲಾಯಿತು.

ಮೆದುಳನ್ನು ಕ್ರೋಬರ್ 1917ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳುಹಿಸಿದ. 1990ರ ದಶಕದ ಕೊನೆಯಲ್ಲಿ ಈ ವಿಷಯ ಮತ್ತೆ ಬೆಳಕಿಗೆ ಬಂದು ಮೂಲನಿವಾಸಿ ಸಮುದಾಯಗಳು ಅವಶೇಷವನ್ನು ಹಿಂದಿರುಗಿಸಬೇಕೆಂದು ಒತ್ತಾಯಿಸಿದವು. 2000ದ ಆಗಸ್ಟ್‌ನಲ್ಲಿ ಅದನ್ನು ಯಾನಾ ವಂಶಸ್ಥರಿರುವ ರೆಡಿಂಗ್ ರಾಂಚೆರಿಯಾ ಮತ್ತು ಪಿಟ್ ರಿವರ್ ಸಮುದಾಯಗಳಿಗೆ ಒಪ್ಪಿಸಲಾಯಿತು.

ಪ್ರಭಾವ

ಪೋಪ್ 1918ರಲ್ಲಿ ಯಾಹಿ ಜನರ ಬಿಲ್ಲುಗಾರಿಕೆಯ ಬಗ್ಗೆ ಪ್ರಬಂಧವನ್ನೂ 1923ರಲ್ಲಿ ಬಿಲ್ಲು ಬಾಣಗಳ ಬೇಟೆಯ ಕುರಿತ ಪುಸ್ತಕವನ್ನೂ ಪ್ರಕಟಿಸಿದ. ಪುಸ್ತಕದ ಆರಂಭದ ಅಧ್ಯಾಯಗಳು ಇಶಿಗೆ ಮೀಸಲಾಗಿವೆ. ಮುಂದೆ ಪೋಪ್ ತನ್ನ ಬೇಟೆಗೆ ಯೂ ಮರದ ಇಂಗ್ಲಿಷ್ ಮಾದರಿಯ ಉದ್ದಬಿಲ್ಲನ್ನು ಆರಿಸಿಕೊಂಡನಾದರೂ ಈ ವಿದ್ಯೆಯಲ್ಲಿ ಆಸಕ್ತಿ ಮೂಡಿಸಿದವನು ಇಶಿಯೇ. ಆತನ ಪುಸ್ತಕವನ್ನು ಓದಿ ಅಮೆರಿಕದಲ್ಲಿ ಅನೇಕರು ಬಿಲ್ಲುಗಾರಿಕೆಗೆ ತೊಡಗಿದರು. ಪೋಪ್ ಮತ್ತು ಅವನ ಸಂಗಾತಿ ಆರ್ಥರ್ ಯಂಗ್ ಹೆಸರಿನ ಸಂಘ 1961ರಲ್ಲಿ ಸ್ಥಾಪನೆಯಾಯಿತು. ಸ್ನಾಯುನಾರಿನ ಬೆನ್ನಿರುವ ಜುನಿಪರ್ ಬಿಲ್ಲನ್ನು ಮತ್ತೆ ಕಟ್ಟಿ ನೋಡುವ ಕುಶಲಕರ್ಮಿಗಳಿಗೆ ಇಶಿಯ ಬಿಲ್ಲಿನ ಅಳತೆಗಳು ಇಂದಿಗೂ ಮುಖ್ಯ ಆಧಾರ.

ಮರುಮೌಲ್ಯಮಾಪನ

ಕ್ರೋಬರ್‌ನ ಪತ್ನಿ ಥಿಯೊಡೊರಾ ಕ್ರೋಬರ್ 1961ರಲ್ಲಿ ಪ್ರಕಟಿಸಿದ ಜೀವನಚರಿತ್ರೆಯಿಂದ ಇಶಿಯ ಹೆಸರು ಜಗತ್ತಿನಾದ್ಯಂತ ಪರಿಚಿತವಾಯಿತು. ಅನಂತರದ ಸಂಶೋಧಕರು ಆ ಚಿತ್ರಣವನ್ನು ಕೆಲವು ಅಂಶಗಳಲ್ಲಿ ಪ್ರಶ್ನಿಸಿದ್ದಾರೆ. ಪುರಾತತ್ವಜ್ಞ ಸ್ಟೀವನ್ ಶಾಕ್ಲಿ ಇಶಿ ಕೆತ್ತಿದ ಮೊನೆಗಳನ್ನು ಪರಿಶೀಲಿಸಿ, ಅವು ಯಾಹಿ ನೆಲೆಗಳಲ್ಲಿ ದೊರೆತವುಗಳಿಗಿಂತ ನೆರೆಯ ವಿಂಟು ಮತ್ತು ನೊಮ್ಲಾಕಿ ಜನರ ಮೊನೆಗಳನ್ನು ಹೆಚ್ಚು ಹೋಲುತ್ತವೆ ಎಂದು 1990ರ ದಶಕದಲ್ಲಿ ಅಭಿಪ್ರಾಯಪಟ್ಟ. ಇದರಿಂದ ಇಶಿಗೆ ನೆರೆಯ ಸಮುದಾಯದ ರಕ್ತಸಂಬಂಧ ಅಥವಾ ಒಡನಾಟ ಇದ್ದಿರಬಹುದೆಂಬ ಊಹೆ ಹುಟ್ಟಿತು. ಹಾಗಿದ್ದಲ್ಲಿ ಈತನ ಕರಕುಶಲತೆಯನ್ನು ಯಾವ ಬೆರಕೆಯೂ ಇಲ್ಲದ ಒಂದೇ ಬುಡಕಟ್ಟಿನ ಮಾದರಿಯೆಂದು ಭಾವಿಸುವುದು ಸರಿಯಾಗದು. ಜೀವಂತ ಮನುಷ್ಯನನ್ನು ಪ್ರದರ್ಶನದ ವಸ್ತುವಿನಂತೆ ಕಂಡದ್ದೂ ಟೀಕೆಗೆ ಒಳಗಾಗಿದೆ. 2021ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯ ತನ್ನ ಮಾನವಶಾಸ್ತ್ರ ಕಟ್ಟಡದಿಂದ ಕ್ರೋಬರ್‌ನ ಹೆಸರನ್ನು ತೆಗೆದುಹಾಕಿತು.

ಸ್ಮರಣೆ

ಯಾಹಿ ಜನರ ಹಿಂದಿನ ನೆಲೆಯ ಒಂದು ಭಾಗವನ್ನು 1984ರಲ್ಲಿ ಇಶಿ ವನ್ಯಪ್ರದೇಶವೆಂದು ಘೋಷಿಸಲಾಯಿತು. ಲ್ಯಾಸನ್ ರಾಷ್ಟ್ರೀಯ ಅರಣ್ಯದಲ್ಲಿರುವ ಇದರ ವಿಸ್ತೀರ್ಣ ಸುಮಾರು 41,000 ಎಕರೆ. ಮಿಲ್ ಕ್ರೀಕ್ ಮತ್ತು ಡೀರ್ ಕ್ರೀಕ್ ಕಣಿವೆಗಳು ಇದರೊಳಗೆ ಹಾದುಹೋಗುತ್ತವೆ. ಇಶಿಯ ಧ್ವನಿಮುದ್ರಣಗಳು 2010ರಲ್ಲಿ ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರ್ಪಡೆಯಾದವು. ಈತ ಕೆತ್ತಿದ ಮೊನೆಗಳು ಮತ್ತು ತಯಾರಿಸಿದ ಇತರ ವಸ್ತುಗಳು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಮಾನವಶಾಸ್ತ್ರ ಸಂಗ್ರಹದಲ್ಲಿವೆ.